ಕಪ್ಪಾಗದ ಕರಡಿಗೆ

ನಂಜನಗೂಡಿನ ಆ ಬೀದಿಯಲ್ಲಿ ಚನ್ನಾಜಮ್ಮನ ಕಾಲ ಮೇಲೆ ಮಲಗಿ ನೀರು ಹುಯ್ಯಿಸಿಕೊಳ್ಳದೆ ಬೆಳೆದ ಮಕ್ಕಳು ಕಡಿಮೆ. ಬಚ್ಚಲಲ್ಲಿ ಮಣೆ ಹಾಕಿಕೊಂಡು, ಸೀರೆಯನ್ನು ಮಂಡಿಯ ತನಕ ಎತ್ತಿ ಕಟ್ಟಿ, ಎರಡು ಕಾಲನ್ನೂ ಉದ್ದಕ್ಕೆ ಚಾಚಿ ಕೂತಳೆಂದರೆ ಆ ಕಾಲುಗಳೇ ತೊಟ್ಟಿಲು. ಕೂಸನ್ನು ಬೋರಲು ಹಾಕಿ ಬೆನ್ನಿಗೆ ಹರಳೆಣ್ಣೆ ತಿಕ್ಕುವಳು, ಅಂಗಾತ ಮಾಡಿ ಮೂಗು ನೀವುವಳು, ತಲೆಯನ್ನು ಅಂಗೈಯಲ್ಲಿ ದುಂಡಗೆ ಒತ್ತುವಳು. ನೀರು ಹುಯ್ಯುವಾಗ ಒಂದು ಹನಿಯೂ ಮೂಗಿಗೆ ಇಳಿಯದ ಹಾಗೆ ಹಣೆಗೆ ಕೈ ಅಡ್ಡ ಹಿಡಿಯುವಳು. ಯಾರ ಮನೆಯಲ್ಲೂ ಅವಳು ಕೂಲಿ ಎಂದು ಕೇಳಿದವಳಲ್ಲ. ಎಲೆ ಅಡಿಕೆ, ಒಂದು ರವಿಕೆ ಕಣ, ಅಷ್ಟೆ. "ಚನ್ನಾಜಮ್ಮ ನೀರುಯ್ದ್ರೆ ಮಗ ಸಂದೆಗಂಟ ಕಣ್ಣು ಬಿಡಾಕಿಲ್ಲ" ಎಂದು ಬಾಣಂತಿಯರು ಹೇಳುತ್ತಿದ್ದರು.

ಅವಳು ಹುಟ್ಟಿದ್ದು ತಗಡೂರಿನಲ್ಲಿ. ಅಕ್ಷರ ಕೂಡಿಸಿ ಓದುವಷ್ಟು ಬಂದ ಮೇಲೆ ಶಾಲೆ ಬಿಡಿಸಿದರು. ಬಾಳೆಹಣ್ಣಿನ ವ್ಯಾಪಾರದ ಕಲ್ಲಯ್ಯನಿಗೆ ಮದುವೆ ಮಾಡಿ ನಂಜನಗೂಡಿಗೆ ಕಳಿಸುವ ದಿನ ಅವಳ ತಾಯಿ ತನ್ನ ಕೊರಳಲ್ಲಿದ್ದ ಬೆಳ್ಳಿ ಕರಡಿಗೆಯನ್ನು ಬಿಚ್ಚಿ, ಒಳಗಿದ್ದ ತನ್ನ ಲಿಂಗವನ್ನು ಬಿಳಿ ವಸ್ತ್ರದಲ್ಲಿ ಕಟ್ಟಿಕೊಂಡು, ಖಾಲಿ ಕರಡಿಗೆಯನ್ನು ಮಗಳಿಗೆ ಕೊಟ್ಟಳು. "ಒಳಗೆ ಕೂರೋನು ನಿನ್ನೋನು, ಮನೆ ನಂದು ಕನ ಮಗ. ಜೋಪಾನ" ಎಂದಳು. ಹುಟ್ಟಿದಾಗ ಅಯ್ಯನವರು ಕಟ್ಟಿದ ಲಿಂಗ, ತಾಯಿ ಕೊಟ್ಟ ಕರಡಿಗೆ. ಅಲ್ಲಿಂದ ಮುಂದೆ ಅವೆರಡೂ ಅವಳ ಎದೆ ಬಿಟ್ಟು ಇಳಿಯಲಿಲ್ಲ. ಕಲ್ಲಯ್ಯ ತೀರಿಕೊಂಡಾಗ ಕೊರಳ ತಾಳಿ, ಕಾಲುಂಗುರ ಎಲ್ಲ ಹೋದವು. ಕರಡಿಗೆ ಮಾತ್ರ ಉಳಿಯಿತು.

ಒಂದೇ ಒಂದು ಸಲ ಅದು ಮೈ ಬಿಟ್ಟದ್ದುಂಟು. ಮೈಸೂರಿನ ಆಸ್ಪತ್ರೆಯಲ್ಲಿ ಗರ್ಭಕೋಶ ತೆಗೆಸುವಾಗ. ಮಗಳು ಶಿವಾನಿ ಆಗ ಅದೇ ಆಸ್ಪತ್ರೆಯಲ್ಲಿ ನರ್ಸು. ಮೈಮೇಲೆ ಲೋಹ ಇರಕೂಡದು ಎಂದರು. ಚನ್ನಾಜಮ್ಮ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ಆಪ್ರೇಸನ್ನೇ ಬ್ಯಾಡ, ಮನೆಗೋಗದ ನಡಿ."

"ಲಿಂಗ ಯಾರು ಬಿಡು ಅಂದ್ರಮ್ಮ? ವಸ್ತ್ರದಲ್ಲಿ ಸುತ್ತಿ ತೋಳಿಗೆ ಕಟ್ತೀನಿ, ಡಾಕ್ಟರ್ ಹತ್ರ ನಾನು ಮಾತಾಡ್ತೀನಿ. ಬರೀ ಕರಡಿಗೆ ಕೊಡು, ನನ್ನ ಹತ್ರಾನೇ ಇರ್ತದೆ."

ಮಗಳಲ್ಲವೇ? ಕೊಟ್ಟಳು. ಡಿಸ್ಚಾರ್ಜ್ ಆಗುವ ದಿನ ಶಿವಾನಿ ಅದನ್ನು ಹೊಸ ಶಿವದಾರಕ್ಕೆ ಪೋಣಿಸಿ ತಂದು ಕೊಟ್ಟಳು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. "ಪಾಲಿಶ್ ಮಾಡಿಸಿದೀನಿ" ಎಂದಳು.

ಬೆಳ್ಳಿ ಎಂದರೆ ಕಪ್ಪಾಗುವುದೇ. ಪ್ರತಿ ಶಿವರಾತ್ರಿಯ ಮುಂಚೆ ಚನ್ನಾಜಮ್ಮ ಹುಣಸೆಹಣ್ಣು ಹಚ್ಚಿ ಕರಡಿಗೆಯನ್ನು ತಿಕ್ಕಿ ತೊಳೆಯುತ್ತಿದ್ದಳು. ಆ ವರ್ಷದ ಶಿವರಾತ್ರಿ ಬಂತು, ಕಪ್ಪು ಬರಲಿಲ್ಲ. ಮರುವರ್ಷವೂ ಬರಲಿಲ್ಲ. ಮೊದಲು ಬಾಯಿ ಬಿಟ್ಟವಳು ಪಕ್ಕದ ಮನೆಯ ಪುಟ್ಟಲಕ್ಷ್ಮಿ.

"ಅಕ್ಕೋ, ಇದೇನು ಇಂಗೆ ಒಳೀತದೆ! ನಮ್ಮನೆ ಬೆಳ್ಳಿ ಕುಂಕುಮದ ಬಟ್ಲು ತಿಂಗ್ಳಿಗೇ ಕಾಗೆ ಬಣ್ಣ ಆಯ್ತದೆ."

"ನಾನೇನೂ ಮಾಡಿಲ್ಲ ಕನವ್ವ. ಒಳಗಿರೋನು ಮಾಡ್ತಾವ್ನೆ."

ಮಾತು ಬೀದಿ ದಾಟಿತು. ಪೂಜೆಗೆ ಕೂತ ಹೊತ್ತಿಗೆ ನಾಲ್ಕು ಹೆಂಗಸರು ಬಂದು ದೂರದಿಂದ ಕಣ್ಣಿಗೊತ್ತಿಕೊಂಡು ಹೋಗುವುದು ಶುರುವಾಯಿತು. ಶಿವಾನಿಯನ್ನು ತಿ. ನರಸೀಪುರದ ನಂಜುಂಡೇಶನಿಗೆ ಕೊಟ್ಟ ಮೇಲೆ ಅವನ ತಾಯಿ, ಬೀಗಿತಿ ದೊಡ್ಡಮ್ಮಣ್ಣಿ, ಕಪ್ಪಾಗದ ಕರಡಿಗೆಯನ್ನು ನೋಡಲೆಂದೇ ಬಸ್ಸು ಹತ್ತಿ ಬಂದಳು. ನೋಡಿ ಕಣ್ಣಲ್ಲಿ ನೀರು ತುಂಬಿಕೊಂಡು, "ಇಂತಾ ಮನೆ ಎಣ್ಣು ತಂದದ್ದು ನಮ್ಮ ಪುಣ್ಯ" ಎಂದಳು. ಒಮ್ಮೊಮ್ಮೆ ಚನ್ನಾಜಮ್ಮನಿಗೆ ಕರಡಿಗೆ ಹಗುರವಾಗಿದೆ ಅನ್ನಿಸುತ್ತಿತ್ತು. ಕಾಯಿಲೆ ಬಿದ್ದು ಎದ್ದವಳ ಕೈಗೆ ತೂಕ ತಿಳಿಯುವುದಿಲ್ಲ ಎಂದುಕೊಂಡು ಸುಮ್ಮನಾಗುತ್ತಿದ್ದಳು.

ಆ ಹೊಳಪಿನ ಜೊತೆಯಲ್ಲೇ ಬಂದದ್ದು ನವೆ. ಮೊದಲು ಎದೆಯ ಮೇಲೆ ಸಣ್ಣ ಗುಳ್ಳೆ, ಆಮೇಲೆ ಬೆರಳ ಸಂದಿಯಲ್ಲಿ ಬಿರುಕು, ರಸಿಗೆ. ಇಸುಬು ಎಂದರು ಒಬ್ಬರು, ಕಜ್ಜಿ ಎಂದರು ಇನ್ನೊಬ್ಬರು. ಗಂಡಸು ಡಾಕ್ಟರಿಗೆ ರವಿಕೆ ಬಿಚ್ಚಿ ತೋರಿಸುವುದು ಅವಳಿಂದಾಗಲಿಲ್ಲ. ಬೆರಳು ಮಾತ್ರ ಚಾಚಿದಳು. ಅವರು ಕೊಟ್ಟ ಮುಲಾಮಿಗೆ ಒಂದಿಷ್ಟು ದಿನ ಇಳಿಯುವುದು, ಮತ್ತೆ ಏರುವುದು. ನವೆ ಜಾಸ್ತಿಯಾದಷ್ಟೂ ಅವಳು ಶಿವನನ್ನು ಜಾಸ್ತಿ ಹಿಡಿದುಕೊಂಡಳು. ಹೊತ್ತಿಗೊಂದು ಸಲ ಕರಡಿಗೆಯನ್ನು ಬೆರಳಲ್ಲಿ ಹಿಡಿದು, ಎದೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೂರುವಳು.

ಒಂದು ದಿನ ಎಂದಿನ ಹಾಗೆ ಬಾಣಂತಿ ಮನೆಯೊಂದಕ್ಕೆ ಹೋಗಿ ಸೆರಗು ಸಿಗಿಸಿಕೊಂಡು ಬಚ್ಚಲಿಗೆ ಇಳಿದಳು. ಆ ಮನೆಯ ಅಜ್ಜಿ ರಾಮಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಇವತ್ತು ಬ್ಯಾಡ ಕನ್ ಚನ್ನಾಜಮ್ಮ, ಮಗೀಗೆ ಸೀತ."

"ಸೀತ ಅಂದ್ರೆ ಎರಡು ಬೆಳ್ಳುಳ್ಳಿ ಆಕಿ ಎಣ್ಣೆ ಕಾಯ್ಸು, ನಾನು..."

"ಸೀತ ಓದ್ಮೇಲೂ ಬ್ಯಾಡ. ನಿನ್ ಕೈ ನೀನೇ ನೋಡ್ಕೊ. ಆ ಕೈಲಿ ಮಗ ಮುಟ್ಟಿಯಾ?"

ಒಳಗಿನಿಂದ ಬಾಣಂತಿ ಹುಡುಗಿ ಬಾಗಿಲು ಸರಿಸಿದ ಸದ್ದಾಯಿತು. ಆ ಹುಡುಗಿಗೂ ಒಂದು ಕಾಲದಲ್ಲಿ ನೀರು ಹುಯ್ದವಳು ಚನ್ನಾಜಮ್ಮನೇ. ಅಲ್ಲಿಂದ ಮುಂದೆ ಯಾವ ಮನೆಯವರೂ ಅವಳನ್ನು ಕರೆಯಲಿಲ್ಲ. ಮನೆಯಲ್ಲಿ ಸೊಸೆ ಅರ್ಪಿತ ಅವಳಿಗೆಂದು ಒಂದು ತಟ್ಟೆ, ಒಂದು ಲೋಟ ಬೇರೆ ಮಾಡಿದಳು. ಮಗ ಸೋಮಶೇಖರ್ ನೋಡಿಯೂ ನೋಡದವನಂತೆ ಉಂಡು ಎದ್ದ.

ಇಂಥ ಹೊತ್ತಿನಲ್ಲಿ ಜರ್ಮನಿಯಿಂದ ಫೋನು. ಶಿವಾನಿ ಅಲ್ಲಿನ ಒಂದು ವೃದ್ಧಾಶ್ರಮದಲ್ಲಿ ನರ್ಸಾಗಿದ್ದಳು. ನಂಜುಂಡೇಶ ಅವಳ ಹಿಂದೆ ಹೋಗಿ ಗೋಡೌನೊಂದರಲ್ಲಿ ಪೆಟ್ಟಿಗೆ ಎತ್ತಿ ಇಳಿಸುವ ಕೆಲಸ ಹಿಡಿದಿದ್ದ. ಹೊಟ್ಟೆ ಕೊಯ್ದು ಹೆಣ್ಣುಮಗು ತೆಗೆದಿದ್ದರು. ನಂಜುಂಡೇಶನೇ ಮಾತಾಡಿದ. "ಅತ್ತೆ, ನೀವೇ ಬಂದು ಬಾಣಂತನ ಮಾಡ್ಬೇಕು. ನಮ್ಮವ್ವಂಗೆ ಕಾಲು ನೋವು, ಆಮೇಲೆ ಬತ್ತಾಳೆ."

ಚನ್ನಾಜಮ್ಮ ಕೂಡಲೇ ಆಭರಣದಂಗಡಿಗೆ ಹೋಗಿ ಕೂಸಿನ ಕೈಗೆ ಜೋಡಿ ಬೆಳ್ಳಿ ಕಡಗ ತಂದಳು. ಬಟ್ಟೆಯಲ್ಲಿ ಸುತ್ತಿ ಕೈಚೀಲದ ತಳಕ್ಕೆ ಹಾಕಿಕೊಂಡಳು. ಊರು ಮುಟ್ಟದಿದ್ದರೆ ಏನಂತೆ, ನನ್ನ ಮಗಳ ಮಗು ನನ್ನ ಕಾಲ ಮೇಲೆ ಮಲಗುತ್ತದೆ. ವಿಮಾನದಲ್ಲಿ ಕೂತಷ್ಟು ಹೊತ್ತೂ ಅವಳಿಗೆ ಇದ್ದದ್ದು ಇದೊಂದೇ ಯೋಚನೆ.

ಆದರೆ ಮನೆ ಹೊಸ್ತಿಲು ದಾಟಿ ಕೈ ಚಾಚಿದಾಗ ಶಿವಾನಿ ಕೂಸನ್ನು ಇನ್ನೊಂದು ಭುಜಕ್ಕೆ ಬದಲಾಯಿಸಿದಳು. ನಂಜುಂಡೇಶ ಅತ್ತೆಯ ಬೆರಳು ನೋಡಿದ. ಅಲ್ಲಿ ರಕ್ತ ಒಸರಿ ಒಣಗಿತ್ತು.

"ಅತ್ತೆ, ತಪ್ಪು ತಿಳ್ಕಬೇಡಿ. ಒಂದ್ಸಲ ಡಾಕ್ಟ್ರಿಗೆ ತೋರಿಸ್ಬಿಡಾಣ. ಅಂಟು ಅಲ್ಲ ಅಂದ್ರೆ ಆಮೇಲೆ ಮಗ ನಿಮ್ಮದೇ."

"ಆಗ್ಲಿ ಕನಪ್ಪ. ನೀವು ಯೋಳಾದು ನ್ಯಾಯವೇ."

ಅಳಿಯ ಕೆಟ್ಟವನಲ್ಲ. ಅವನು ತಂದುಕೊಟ್ಟ ನೀಲಿ ಬಣ್ಣದ ರಬ್ಬರ್ ಗ್ಲೌಸು ಹಾಕಿಕೊಂಡು ಅವಳು ಬಾಣಂತಿ ಅಡಿಗೆ ಮಾಡಿದಳು. ಗ್ಲೌಸಿನೊಳಗೆ ಬೆವರು ಕೂತು ಬೆರಳು ಬೆಂದ ಹಾಗಾಗುತ್ತಿತ್ತು. ಕೂಸು ಒಳಕೋಣೆಯಲ್ಲಿ ಅತ್ತರೆ ಅವಳು ಬಾಗಿಲ ಹೊರಗೆ ನಿಂತು, "ಅದು ಅಸಿವಿಗಲ್ಲ ಕನಪ್ಪ, ಒಟ್ಟೆ ಗಾಳಿ. ಬುಜದ ಮೇಲಾಕಿ ಬೆನ್ನು ತಟ್ಟಿ" ಎಂದು ಕೂಗಿ ಹೇಳುವಳು. ಅವನು ಹಾಗೆ ಮಾಡಿದರೆ ಅಳು ನಿಲ್ಲುತ್ತಿತ್ತು. ಅವನು ಪ್ಲಾಸ್ಟಿಕ್ ಟಬ್ಬಿನಲ್ಲಿ ಕೂಸಿಗೆ ಸ್ನಾನ ಮಾಡಿಸುವುದನ್ನು ಒಂದು ದಿನ ನೋಡಿದಳು. ಲೋಟ ತೊಳೆಯುವ ಹಾಗೆ ಅಲುಬುತ್ತಿದ್ದ. ಕೂಸಿನ ಮೂಗಿಗೆ ನೀರು ಇಳಿಯಿತು. ಚನ್ನಾಜಮ್ಮನ ಕೈ ತಾನೇ ಮುಂದಕ್ಕೆ ಹೋಯಿತು. "ಅಮ್ಮಾ!" ಎಂದು ಶಿವಾನಿ ಕಿರುಚಿದಳು, ಬೆಂಕಿಗೆ ಕೈ ಹಾಕುವವರನ್ನು ತಡೆಯುವ ಹಾಗೆ.

ಡಾಕ್ಟರ ವಿಷಯ ಎತ್ತಿದಾಗಲೆಲ್ಲ ಶಿವಾನಿ, "ಇಲ್ಲಿ ಚರ್ಮದ ಡಾಕ್ಟರ್ ಸಿಗಬೇಕಂದ್ರೆ ತಿಂಗಳುಗಟ್ಟಲೆ ಕಾಯ್ಬೇಕು" ಎನ್ನುತ್ತಿದ್ದಳು. ನಂಜುಂಡೇಶ ಕೆಲಸದ ಜಾಗದ ಸ್ನೇಹಿತನೊಬ್ಬನಿಗೆ ಹೇಳಿ ಫೋನು ಮಾಡಿಸಿದ. ಎರಡು ಬೀದಿ ಆಚೆ, ಬ್ರೆಡ್ಡಿನ ಅಂಗಡಿಯ ಮೇಲಿನ ಮಹಡಿಯಲ್ಲೇ ಒಬ್ಬ ಡಾಕ್ಟರಮ್ಮ ಇದ್ದಳು. ಆ ವಾರವೇ ಬರಲು ಹೇಳಿದಳು.

"ಮುಂದಕ್ಕೆ ಹಾಕಿ, ನಾನು ಹುಷಾರಾದ ಮೇಲೆ ಕರ್ಕೊಂಡು ಹೋಗ್ತೀನಿ. ಅಮ್ಮಂಗೆ ಭಾಷೆ ಬರಲ್ಲ" ಎಂದಳು ಶಿವಾನಿ.

"ಇಸುಬಿಗೆ ಯಾವ ಬಾಸೆ ಮಗ? ಕೈ ತೋರಿಸ್ತೀನಿ, ಅಷ್ಟೆ ತಾನೆ" ಎಂದಳು ಚನ್ನಾಜಮ್ಮ.

ಹೊರಡುವ ಹೊತ್ತಿಗೆ ಶಿವಾನಿ ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ಎದ್ದು ಬಂದಳು. "ಕರಡಿಗೆ ಬಿಚ್ಚಿ ಇಲ್ಲಿಟ್ಟು ಹೋಗಮ್ಮ. ಅವರು ಅದನ್ನೆಲ್ಲ ಮುಟ್ತಾರೆ. ಮೈಲಿಗೆ ಆಗ್ತದೆ. ಲಿಂಗ ವಸ್ತ್ರದಲ್ಲಿ ಕಟ್ಕೊ."

ಮಗಳಿಗೆ ಇಷ್ಟು ನೇಮ ಯಾವಾಗ ಬಂತು ಎಂದು ಚನ್ನಾಜಮ್ಮನಿಗೆ ಸೋಜಿಗವಾಯಿತು. "ಪರದೇಸದಲ್ಲಿ ಒಬ್ಬಳೇ ಓಗ್ತಿವ್ನಿ. ಇದೂ ಬ್ಯಾಡವಾ ನಂಗೆ?" ಎಂದು ಸೆರಗು ಹೊದ್ದು ಹೊರಟಳು. ನಂಜುಂಡೇಶ ಬ್ರೆಡ್ಡಿನ ಅಂಗಡಿಯ ಪಕ್ಕದ ಮೆಟ್ಟಿಲ ತನಕ ಬಿಟ್ಟು ಡ್ಯೂಟಿಗೆ ಹೋದ.

ಒಳಗೆ ಮೇಜಿನ ಹುಡುಗಿ ಏನೇನೋ ಕೇಳಿದಳು. ಚನ್ನಾಜಮ್ಮ ಅಳಿಯ ಬರೆದುಕೊಟ್ಟ ಹೆಸರು ವಿಳಾಸದ ಚೀಟಿ ಕೊಟ್ಟಳು. ಕಾದು ಕೂತಳು. ಪಕ್ಕದಲ್ಲಿದ್ದ ಮುದುಕ ಅವಳ ಬೆರಳು ನೋಡಿ ಒಂದು ಕುರ್ಚಿ ಆಚೆ ಸರಿದ. ಇಲ್ಲೂ ಅಷ್ಟೇ ಅನ್ನು ಎಂದುಕೊಂಡಳು.

ಡಾಕ್ಟರಮ್ಮನಿಗೆ ಐವತ್ತರ ಮೇಲಿರಬಹುದು. ಗಿಡ್ಡ ಬಿಳಿ ಕೂದಲು. ಅವಳು ತನ್ನ ಮಾತಾಡಿದಳು, ಚನ್ನಾಜಮ್ಮ ತನ್ನ ಮಾತಾಡಿದಳು. "ನಾಲ್ಕು ವರ್ಸ ಆಯ್ತು ಕನವ್ವ, ನೆತ್ತರು ಬರಗಂಟ ಕೆರ್ಕತೀನಿ." ಡಾಕ್ಟರಮ್ಮ ತಲೆದೂಗಿದಳು, ತಿಳಿದವಳಂತೆಯೇ. ಬೆರಳುಗಳನ್ನು ಒಂದೊಂದಾಗಿ ನೋಡಿ, ಮೈಯಲ್ಲಿ ಇನ್ನೆಲ್ಲಿ ಎಂಬಂತೆ ತನ್ನ ಮೈ ಮುಟ್ಟಿಕೊಂಡು ತೋರಿಸಿದಳು. ಹೆಂಗಸು ತಾನೆ ಎಂದು ಚನ್ನಾಜಮ್ಮ ರವಿಕೆಯ ಗುಂಡಿ ಬಿಚ್ಚಿದಳು.

ಎದೆಯ ಮೇಲೆ ಹಸಿ ಹುಣ್ಣು ಕರಡಿಗೆಯ ಆಕಾರದಲ್ಲೇ ಕೂತಿತ್ತು. ಅಚ್ಚು ಒತ್ತಿದ ಹಾಗೆ. ಡಾಕ್ಟರಮ್ಮ ಕರಡಿಗೆಯ ಕಡೆ ಕೈ ಚಾಚಿದಳು. ಚನ್ನಾಜಮ್ಮ ಗಪ್ಪನೆ ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

ಡಾಕ್ಟರಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ಒಂದು ಬಿಳಿ ಬಟ್ಟೆ ತೆಗೆದು, ಮಡಿಕೆ ಬಿಚ್ಚಿ ಮೇಜಿನ ಮೇಲೆ ಹಾಸಿ, ತಾನು ಎರಡು ಹೆಜ್ಜೆ ಹಿಂದೆ ನಿಂತಳು. ಹಾಗೆ ನಿಂತವಳನ್ನು ನೋಡಿ ಚನ್ನಾಜಮ್ಮನ ಮುಷ್ಟಿ ಸಡಿಲವಾಯಿತು. ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡಳು. ಖಾಲಿ ಕರಡಿಗೆಯನ್ನು ಬಟ್ಟೆಯ ಮೇಲಿಟ್ಟಳು. ಮುಂದೆ ನಡೆದದ್ದನ್ನೆಲ್ಲ ಅವಳು ಅಂಗೈಯನ್ನು ಎದೆಯ ಎತ್ತರಕ್ಕೆ ಹಿಡಿದುಕೊಂಡೇ ನೋಡಿದಳು.

ಕಡ್ಡಿಯ ತುದಿಗೆ ಹತ್ತಿ ಸುತ್ತಿದ್ದನ್ನು ಡಾಕ್ಟರಮ್ಮ ಯಾವುದೋ ಔಷಧಿಯಲ್ಲಿ ಅದ್ದಿ ಕರಡಿಗೆಯನ್ನು ಒರೆಸಿದಳು. ಬಿಳಿ ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿತು. ಕುಂಕುಮ ಅಂಟಿರಬೇಕು ಎಂದುಕೊಂಡಳು ಚನ್ನಾಜಮ್ಮ. ಡಾಕ್ಟರಮ್ಮ ಜೇಬಿನಿಂದ ಅವರ ದೇಶದ ಒಂದು ನಾಣ್ಯ ತೆಗೆದು ಬೇರೆ ಕಡ್ಡಿಯಲ್ಲಿ ಒರೆಸಿದಳು. ಅದೂ ಗುಲಾಬಿ. ಚನ್ನಾಜಮ್ಮನ ಕಿವಿಯ ಚಿನ್ನದ ಓಲೆಯನ್ನು ಒರೆಸಿದಳು. ಹತ್ತಿ ಬೆಳ್ಳಗೇ ಉಳಿಯಿತು. ಗುಲಾಬಿಯಾದ ಹತ್ತಿಯನ್ನು ಎದೆಯ ಹುಣ್ಣಿನ ಹತ್ತಿರ, ಆಮೇಲೆ ಬೆರಳ ಹತ್ತಿರ ಹಿಡಿದು, ಇದರಿಂದ ಅದು ಎಂದು ಕಣ್ಣಲ್ಲೇ ಹೇಳಿದಳು.

ಚನ್ನಾಜಮ್ಮನಿಗೆ ಏನೋ ಹೊಳೆಯಿತು. ಬಲಗೈಯಲ್ಲಿ ಚೀಲ ತಡಕಿ, ತಳದಿಂದ ಕೂಸಿನ ಕಡಗದ ಗಂಟು ತೆಗೆದಳು. ಇನ್ನೂ ಕೂಸಿನ ಕೈ ಸೇರದ ಕಡಗ, ಆಗಲೇ ಬಟ್ಟೆಯೊಳಗೆ ಕಪ್ಪಾಗಿತ್ತು. "ಇದ ಒರ್ಸವ್ವ." ಡಾಕ್ಟರಮ್ಮ ಒರೆಸಿದಳು. ಹತ್ತಿಗೆ ಒಂದಿಷ್ಟು ಮಸಿ ಹತ್ತಿತು, ಗುಲಾಬಿ ಬರಲಿಲ್ಲ.

"ಕರಡಿಗೆ ಇನ್ನೊಂದ್ಸಲ ಮಾಡು."

ಮಾಡಿದಳು. ಗುಲಾಬಿ.

ಮೇಜಿನ ಮೇಲೆ ಕಪ್ಪಾದದ್ದು ಒಂದು, ಕಪ್ಪಾಗದ್ದು ಒಂದು. ಬೆಳ್ಳಿ ಯಾವುದು, ಅಲ್ಲದ್ದು ಯಾವುದು ಎಂದು ಹೇಳಲು ಯಾವ ಭಾಷೆಯೂ ಬೇಕಾಗಿರಲಿಲ್ಲ. ನಾಲ್ಕು ವರ್ಷ ಊರ ಹೆಂಗಸರು ಕಣ್ಣಿಗೊತ್ತಿಕೊಂಡು ಹೋದ ಹೊಳಪು ಆ ನಾಣ್ಯದ ಹೊಳಪು. ಅದು ತನ್ನ ಕೈ ಬಿಟ್ಟು ಹೋದದ್ದು ಒಂದೇ ಸಲ, ಒಬ್ಬಳ ಕೈಗೆ.

ಎದ್ದು ನಿಲ್ಲುವ ಮುಂಚೆ ಅವಳು ಒಂದು ಮಾತು ಕೇಳಲೇಬೇಕಾಗಿತ್ತು. ಒಂದು ತೋಳನ್ನು ಬಳಸಿ ಕೂಸು ತೂಗುವ ಹಾಗೆ ತೂಗಿದಳು. ತನ್ನ ಬೆರಳು ತೋರಿಸಿದಳು. "ಮಗ ಮುಟ್ಟಬೌದಾ?"

ಡಾಕ್ಟರಮ್ಮ ಕೈಯ ಗ್ಲೌಸು ಕಳಚಿ ಎಸೆದಳು. ಬಿರುಕು ಬಿಟ್ಟ ಆ ಕೈಯನ್ನು ತನ್ನ ಬರಿಗೈಯಲ್ಲಿ ಹಿಡಿದು, ಎತ್ತಿ, ತನ್ನ ಕೆನ್ನೆಗೆ ಒತ್ತಿಕೊಂಡು ನಕ್ಕಳು. ತಾನೂ ತೋಳಲ್ಲಿ ಕೂಸು ತೂಗಿ ತೋರಿಸಿದಳು. ತೂಗು, ತೂಗು. ನಾಲ್ಕು ವರ್ಷದಲ್ಲಿ ಆ ಕೈಯನ್ನು ಯಾರೂ ಹಿಡಿದಿರಲಿಲ್ಲ. ಚನ್ನಾಜಮ್ಮ ಲಿಂಗವನ್ನು ವಸ್ತ್ರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡಳು, ಮುಲಾಮಿನ ಟ್ಯೂಬು ಇಸಿದುಕೊಂಡಳು, ಕರಡಿಗೆಯನ್ನೂ ಕಡಗವನ್ನೂ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮೆಟ್ಟಿಲಿಳಿದಳು.

ಮನೆಯಲ್ಲಿ ಶಿವಾನಿ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು. ಚನ್ನಾಜಮ್ಮ ಗಂಟು ಬಿಚ್ಚಿ ಕರಡಿಗೆಯನ್ನೂ ಕಡಗವನ್ನೂ ಅವಳೆದುರು ಇಟ್ಟಳು.

"ನಮ್ಮವ್ವನ ಕರಡಿಗೆ ಎಲ್ಲಿ ಮಗ?"

ಶಿವಾನಿ ಏನು, ಎತ್ತ ಎಂದು ಕೇಳಲಿಲ್ಲ. ಕೂಸಿನ ಟೋಪಿ ಸರಿ ಮಾಡಿದಳು.

"ಅಣ್ಣನ ಮದುವೇಲಿ ಅರ್ಪಿತಂಗೆ ನಿನ್ನ ಬಳೆ ಎಲ್ಲ ಬಿಚ್ಚಿ ಹಾಕ್ದೆ. ನಾನು ಜರ್ಮನ್ ಕಲೀತೀನಿ, ಫೀಸಿಗೆ ಏನಾದ್ರೂ ಕೊಡು ಅಂದಾಗ ಏನಂದೆ? ನಂಜನಗೂಡಲ್ಲಿ ಇಲ್ದೆ ಇರೋದು ಅಲ್ಲೇನಿದೆ ಅಂದೆ."

"ಅದಕ್ಕೆ ಸಿವನ್ನ ಮಾರ್ಬುಟ್ಟ?"

"ಶಿವನ್ನ ಯಾರು ಮಾರಿದ್ರು? ಡಬ್ಬಿ ಮಾರ್ದೆ. ಒಳಗಿರೋದು ನಿನ್ನ ಹತ್ರಾನೇ ಇದೆ ತಾನೆ? ಅದೇ ಅಳತೆಗೆ ನಿಕ್ಕಲ್ ಲೇಪದ್ದು ಸಿಕ್ತು, ತಂದುಕೊಟ್ಟೆ. ನೀನೇ ಅದನ್ನ ದೇವರ ಮಹಿಮೆ ಮಾಡ್ಕೊಂಡೆ. ನಾನು ಹೇಳಿದ್ನಾ?"

"ಓಗ್ಲಿ. ಈ ನವೆ ಅದ್ರಿಂದ್ಲೇ ಅಂತ ನಿಂಗೆ ಯಾವಾಗ ಗೊತ್ತಾಯ್ತು? ನರ್ಸಲ್ವಾ ನೀನು."

ಶಿವಾನಿ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಮೊದಲನೇ ವರ್ಷಾನೇ ಗೊತ್ತಾಯ್ತು."

ರಾಮಮ್ಮ ಬಚ್ಚಲ ಬಾಗಿಲಿಗೆ ಅಡ್ಡ ನಿಂತದ್ದನ್ನು, ಬೇರೆ ಮಾಡಿದ ತಟ್ಟೆಯನ್ನು ಚನ್ನಾಜಮ್ಮ ಫೋನಿನಲ್ಲಿ ಅತ್ತು ಹೇಳಿಕೊಂಡದ್ದು ಈ ಮಗಳ ಹತ್ತಿರವೇ. ಪ್ರತಿ ಸಲವೂ ಇವಳು, "ಮುಲಾಮು ಹಚ್ಚಮ್ಮ" ಎಂದಿದ್ದಳು.

"ಸಾಯೋ ಕಾಯಿಲೆ ಏನಲ್ಲವಲ್ಲಮ್ಮ, ತುರಿಕೆ ತಾನೆ" ಎಂದಳು ಶಿವಾನಿ.

"ನಿನ್ ಗಂಡ ಬರ್ಲಿ. ನಿನ್ ಬಾಯಲ್ಲೇ ಯೋಳು. ನೀನು ಯೋಳ್ದಿದ್ರೆ ನಾನು ಯೋಳ್ತೀನಿ."

ಶಿವಾನಿ ತಾಯಿಯ ಮುಖವನ್ನೇ ನೋಡಿದಳು. ನಂಜುಂಡೇಶನಿಗೆ ತಿಳಿದರೆ ದೊಡ್ಡಮ್ಮಣ್ಣಿಗೆ ತಿಳಿಯುತ್ತದೆ. ಲಿಂಗದ ಕರಡಿಗೆ ಕದ್ದವಳು ಎಂದು ನರಸೀಪುರ ಪೂರ್ತಿ ಆಡಿಕೊಳ್ಳುತ್ತದೆ. "ಹೇಳು" ಎಂದಳು ಮೆತ್ತಗೆ. "ನೋಡೋಣ."

ಸಂಜೆ ನಂಜುಂಡೇಶ ಬಂದವನೇ ಕೈ ತೊಳೆದು, "ಏನಂದ್ರು ಅತ್ತೆ ಡಾಕ್ಟ್ರು?" ಎಂದು ಕೇಳಿದ.

"ಇರಿ, ನಾನೇ ಕೇಳ್ತೀನಿ" ಎಂದು ಶಿವಾನಿ ಫೋನು ಕಿವಿಗಿಟ್ಟುಕೊಂಡಳು. ಜರ್ಮನಿಯ ಮಾತಿನಲ್ಲಿ ಗಡಗಡ ಮಾತಾಡಿದಳು. ನಡುನಡುವೆ ಕೇಳಿಸಿಕೊಂಡಳು, ಹೂಂಗುಟ್ಟಿದಳು, ಮುಖ ಸಣ್ಣ ಮಾಡಿದಳು. ಗೋಡೌನಿಗೆ ಬೇಕಾದ ನಾಲ್ಕು ಮಾತು ಬಿಟ್ಟರೆ ನಂಜುಂಡೇಶನಿಗೆ ಆ ಭಾಷೆ ಅಷ್ಟಕ್ಕಷ್ಟೇ. ಚನ್ನಾಜಮ್ಮ ಮಗಳ ಪಕ್ಕದಲ್ಲೇ ಕೆಳಗೆ ಕೂತಿದ್ದಳು. ಅಲ್ಲಿಂದ ಅವಳಿಗೆ ಕಂಡಿತು. ಕಿವಿಗಿಡುವ ಮುಂಚೆ ಮಗಳು ನಂಬರೇ ಒತ್ತಿರಲಿಲ್ಲ, ಫೋನಿನ ಗಾಜು ಆಗಲೂ ಕಪ್ಪಗಿತ್ತು. ದೀಪವೇ ಹತ್ತಿರಲಿಲ್ಲ. ಶಿವಾನಿ ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ.

"ಅಂಟು ಇರಬಹುದಂತೆ ರೀ" ಎಂದಳು ಫೋನು ಕೆಳಗಿಟ್ಟು. "ಟೆಸ್ಟ್ ಎಲ್ಲ ಬರೋದು ಬಹಳ ದಿನ ಆಗ್ತದಂತೆ. ಎಳೇ ಮಗು ಇರೋ ಮನೇಲಿ ಬೇಡ ಅಂದ್ರು."

"ಸುಳ್ಳು ಕನಪ್ಪ!" ಚನ್ನಾಜಮ್ಮ ಎದ್ದು ನಿಂತಳು. "ಆಯಮ್ಮ ನನ್ ಕೈಯ ಅವಳ ಕೆನ್ನೆಗೆ ಇಟ್ಕಂಡ್ಲು. ಮಗ ಎತ್ಕೊ ಅಂತ ಇಂಗೆ ತೂಗಿ ತೋರ್ಸುದ್ಲು. ಎಲ್ಲಾ ಈ ಕರಡಿಗೆಯಿಂದ. ಇದು ಬೆಳ್ಳಿನೇ ಅಲ್ಲ ಕನಪ್ಪ..."

ನಂಜುಂಡೇಶ ಅವಳ ಕೈಯಲ್ಲಿದ್ದ ಕರಡಿಗೆಯನ್ನು ನೋಡಿದ. ದೀಪದ ಬೆಳಕಿಗೆ ಅದು ಝಗ್ಗೆಂದಿತು. ಇದರ ಮಹಿಮೆಯನ್ನು ಅವನ ತಾಯಿ ಎಷ್ಟು ಜನಕ್ಕೆ ಹೇಳಿಲ್ಲ!

"ಅತ್ತೆ, ಕೂತ್ಕಳಿ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. "ನಿಮಗೆ ಬಾಸೆ ಬರಾಕಿಲ್ವಲ್ಲ. ಆಯಮ್ಮ ಏನಂದ್ಲೋ, ನೀವು ಏನು ಅರ್ಥ ಮಾಡ್ಕಂಡ್ರೋ. ಮಗನ್ನ ಎತ್ಕಬೇಕು ಅನ್ನೋ ಆಸೆಗೆ ಅಂಗನ್ಸುತದೆ."

ಶಿವಾನಿ ಕೂಸಿಗೆ ಹಾಲು ಕೊಡಲು ಒಳಕೋಣೆಗೆ ಹೋಗಿ ಬಾಗಿಲು ಮುಂದಕ್ಕೆ ತಳ್ಳಿಕೊಂಡಳು.

ಅವಳು ವಾಪಸು ಹೋಗುವ ಟಿಕೆಟ್ಟಿನ ದಿನವನ್ನು ಮುಂಚೆಗೆ ಬದಲಾಯಿಸಿದರು. ಹೊರಡುವ ದಿನ ನಂಜುಂಡೇಶ ಕೂಸನ್ನು ಎತ್ತಿಕೊಂಡು ಬಾಗಿಲ ಆಚೆ ನಿಂತು ದೂರದಿಂದ ಮುಖ ತೋರಿಸಿದ. ಚನ್ನಾಜಮ್ಮ ಕಡಗವನ್ನು ಚಪ್ಪಲಿ ಬಿಡುವ ಸ್ಟ್ಯಾಂಡಿನ ಮೇಲೆ ಇಟ್ಟು ಬಂದಳು. ಶಿವಾನಿ ಅದನ್ನು ಬಿಸಿನೀರಿಗೆ ಹಾಕಲು ಗಂಡನಿಗೆ ಹೇಳುವುದು ಕೇಳಿಸಿತು.

ನಂಜನಗೂಡಿಗೆ ಬಂದ ಮೇಲೆ ಲಿಂಗವನ್ನು ವಸ್ತ್ರದಲ್ಲೇ ಕಟ್ಟಿಕೊಂಡಳು. ಕರಡಿಗೆಯನ್ನು ದೇವರಗೂಡಿನಲ್ಲಿ ವಿಭೂತಿಗಟ್ಟಿಯ ಹಿಂದೆ ಇಟ್ಟಳು. ನಿಧಾನಕ್ಕೆ ಬೆರಳು ಕೂಡಿಕೊಂಡವು, ಎದೆಯಲ್ಲಿ ಹೊಸ ಚರ್ಮ ಬಂತು. "ಜರ್ಮನಿ ಮುಲಾಮು ಅಂದ್ರೆ ಜರ್ಮನಿ ಮುಲಾಮೇ ಕನಕ್ಕ" ಎಂದಳು ಪುಟ್ಟಲಕ್ಷ್ಮಿ. ಹೂಂ ಎಂದಳು ಚನ್ನಾಜಮ್ಮ. ಸೊಸೆ ಏನೂ ಆಗಿಲ್ಲವೆಂಬಂತೆ ತಟ್ಟೆಯನ್ನು ಮಿಕ್ಕ ತಟ್ಟೆಗಳ ಜೊತೆ ಜೋಡಿಸಿದಳು. ರಾಮಮ್ಮನೇ ಬಂದು ಬಾಗಿಲಲ್ಲಿ ನಿಂತು, "ನಮ್ಮ ಚಿಕ್ಕವಳಿಗೆ ಎರಿಗೆ ಆಯ್ತು. ನೀನು ಬಂದು ನೀರುಯ್ಯವ್ವ, ಬ್ಯಾರೆ ಯಾರಿಗೂ ಆ ಕೈ ಬರಾಕಿಲ್ಲ" ಎಂದಳು. ಚನ್ನಾಜಮ್ಮ ಹೋದಳು. ಎಲ್ಲರ ಮಕ್ಕಳೂ ಅವಳ ಕಾಲ ಮೇಲೆ ಮಲಗಿದವು, ಒಂದು ಬಿಟ್ಟು.

ಬೇಸಿಗೆ ತಿರುಗುವ ಹೊತ್ತಿಗೆ ದೊಡ್ಡಮ್ಮಣ್ಣಿ ನರಸೀಪುರದಿಂದ ಬಂದಳು. ಕಾಲು ನೋವು ಇಳಿದಿತ್ತು. ಮುಂದಿನ ವಾರ ಮೊಮ್ಮಗಳನ್ನು ನೋಡಲು ಹೊರಟಿದ್ದಳು. ಚಾಪೆಯ ಮೇಲೆ ಕೂತಳು, ಆದರೆ ಸ್ವಲ್ಪ ಅಂತರ ಬಿಟ್ಟೇ ಕೂತಳು.

"ನಿಮಗೆ ಹುಸಾರಿಲ್ಲ ಅಂತ ಶಿವಾನಿ ಯೋಳುದ್ಲು. ಪಾಪ, ಮೈ ಕಾಯಿಲೆ ಯಾರ ಕೈಲದೆ ಬೀಗ್ತಿ. ಈಗ ಪರವಾಗಿಲ್ವಾ?"

"ನೋಡಿ" ಎಂದು ಚನ್ನಾಜಮ್ಮ ಎರಡೂ ಕೈ ಚಾಚಿದಳು.

ದೊಡ್ಡಮ್ಮಣ್ಣಿ ನೋಡಿದಳು, ಮುಟ್ಟಲಿಲ್ಲ. ಅವಳ ಕಣ್ಣು ಬೀಗಿತಿಯ ಕೊರಳಿಗೆ ಹೋಯಿತು. "ಅಯ್ಯೋ, ಕರಡಿಗೆ ಎಲ್ಲಕ್ಕ?"

"ಐತೆ. ಯಾಕೆ?"

"ಮಗೀಗೆ ಕೊರಳಿಗೆ ಕಟ್ಟಾದು ಅಂತ ಅಯ್ನೋರ ಕೈಲಿ ಲಿಂಗ ಈಸ್ಕಂಡಿವ್ನಿ. ಅದಕ್ಕೆ ಬೆಳ್ಳಿದು ಒಂದು ಸಣ್ಣ ಕರಡಿಗೆ ನೋಡ್ಬೇಕು. ಓಗೋವಾಗ ಅಂಗಡಿ ಬೀದೀಲಿ ಇಳೀತೀನಿ."

ಚನ್ನಾಜಮ್ಮ ಸ್ವಲ್ಪ ಹೊತ್ತು ತನ್ನ ಅಂಗೈಯನ್ನೇ ನೋಡಿಕೊಂಡಳು. ಎಳೆಗೂಸಿನ ಎದೆ ಹೇಗಿರುತ್ತದೆಂದು ಆ ಬೀದಿಯಲ್ಲಿ ಅವಳಿಗಿಂತ ಬಲ್ಲವರಿಲ್ಲ. ಬಾಳೆಯ ಎಳೆ ಸುಳಿಯ ಹಾಗೆ, ಉಗುರು ತಾಕಿದರೆ ಗೆರೆ ಬೀಳುತ್ತದೆ. ಅವಳು ಎದ್ದಳು. ದೇವರಗೂಡಿಗೆ ಕೈ ಹಾಕಿ, ವಿಭೂತಿಗಟ್ಟಿ ಸರಿಸಿ, ಕರಡಿಗೆ ತೆಗೆದಳು. ಸೆರಗಿನಲ್ಲಿ ಒರೆಸಿದಳು. ಒರೆಸುವ ಅಗತ್ಯವೇ ಇರಲಿಲ್ಲ, ಅದು ಆಗಲೇ ಝಗಝಗ ಎನ್ನುತ್ತಿತ್ತು.

"ಅಂಗಡಿಗ್ಯಾಕೆ? ನಮ್ಮವ್ವ ನಂಗೆ ಕೊಟ್ಲು. ನಾನು ಮೊಮ್ಮಗಳಿಗೆ ಕೊಡ್ತಿವ್ನಿ."

ದೊಡ್ಡಮ್ಮಣ್ಣಿ ಅಂತರ ಮರೆತು ಸರಿದು ಬಂದಳು, ಎರಡು ಕೈಯಲ್ಲೂ ಇಸಿದುಕೊಂಡು ಕಣ್ಣಿಗೊತ್ತಿಕೊಂಡಳು. "ನಿಮ್ಮಂತಾ ದೊಡ್ಡ ಮನಸು ಯಾರಿಗದೆ ಅಕ್ಕಾ!"

"ಒಂದು ಮಾತು ನಡೆಸ್ಕೊಡಿ. ಮಗೀನ ಕೊರಳಿಗೆ ಶಿವಾನಿನೇ ಕಟ್ಬೇಕು, ಅವಳ ಕೈಯಾರೆ. ನೀವು, ಅಳಿಯಂದ್ರು ಎದುರಿಗೇ ಕುಂತಿರ್ಬೇಕು. ಕಟ್ಟುದ್ಮೇಲೆ ಬಿಚ್ಚಕೂಡ್ದು. ಅಂಗಂತ ಅವ್ವ ಯೋಳುದ್ಲು ಅಂತ ಯೋಳಿ."

"ಬಿಚ್ಚಾಕೆ ನಾನು ಬಿಟ್ಟೇನಾ? ಎಂತಾ ಕರಡಿಗೆ! ನಾನೇ ನಿಂತು ಕಟ್ಟಿಸ್ತೀನಿ. ನನ್ ಮೇಲೆ ಬುಡಿ."

ನರಸೀಪುರದ ಬಸ್ಸಿಗೆ ಚನ್ನಾಜಮ್ಮನೇ ಹೋಗಿ ಹತ್ತಿಸಿ ಬಂದಳು. ದೊಡ್ಡಮ್ಮಣ್ಣಿ ಕಿಟಕಿಯಿಂದ ತಲೆ ಹೊರಗೆ ಹಾಕಿ, ಸೊಂಟದ ಗಂಟು ಮುಟ್ಟಿಕೊಂಡು, ಜೋಪಾನವಾಗಿದೆ ಎಂಬಂತೆ ತಲೆಯಾಡಿಸಿದಳು.

ದೊಡ್ಡಮ್ಮಣ್ಣಿ ಜರ್ಮನಿ ತಲುಪಿದ ಮಾರನೆಯ ಬೆಳಿಗ್ಗೆ ಚನ್ನಾಜಮ್ಮ ರಾಮಮ್ಮನ ಮನೆಯ ಬಚ್ಚಲಲ್ಲಿ ಕಾಲು ಚಾಚಿ ಕೂತಿದ್ದಳು. ಕೂಸಿನ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದಳು. ಹೊರಗೆ ಜಗುಲಿಯ ಮೇಲಿದ್ದ ಅವಳ ಫೋನು ಬಡಿದುಕೊಂಡಿತು. ನಿಂತಿತು. ಮತ್ತೆ ಬಡಿದುಕೊಂಡಿತು. ಬಾಣಂತಿ ಹುಡುಗಿ ಎತ್ತಿ ನೋಡಿದಳು.

"ಅಜ್ಜಿ, ನಿಮ್ಮ ಶಿವಾನಿ ಅಕ್ಕ. ಮೂರನೇ ಸಲ ಮಾಡ್ತಾವ್ರೆ. ಏನೋ ಅರ್ಜೆಂಟ್ ಇರ್ಬೇಕು, ಕಿವಿಗಿಡ್ಲಾ?"

"ಕೈಯೆಲ್ಲ ಎಣ್ಣೆ ಕನವ್ವ" ಎಂದಳು ಚನ್ನಾಜಮ್ಮ. ಕೂಸನ್ನು ಅಂಗಾತ ಮಾಡಿ ಹಣೆಗೆ ಕೈ ಅಡ್ಡ ಹಿಡಿದಳು. "ಬಡ್ಕೊಳ್ಳಲಿ ಬುಡು. ಚೊಂಬು ಕೊಡು ಇತ್ತ, ನೀರು ಆರೋಯ್ತದೆ."